ಮೊಸರನ್ನ ಉಂಡು ಹೊರಟ ಮೀನುಮರಿಗಳು

ಮೀನುಮರಿಗಳಿಗೆ ಮೊಸರನ್ನ ಹಾಕಿದಳು ಅಂತ ಒಬ್ಬ ಅಜ್ಜಿಯನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ನಗುತ್ತಾರೆ. ನಗಲಿ, ನನಗೂ ಈಗ ನಗುವೇ ಬರುತ್ತದೆ. ಆಗ ಮಾತ್ರ ಮೈಯೆಲ್ಲ ಉರಿದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಸಾಸ್ವೆಹಳ್ಳಿ ಕಡೆ ಹೊಳೆಯ ನೀರು ಹಾಯಿಸಿ ಮಾಡಿದ ಮೀನುಮರಿ ಸಾಕುವ ಕೊಳಗಳಲ್ಲಿ ನಾನು ಸಹಾಯಕಿ. ನ್ಯಾಮತಿಯಿಂದ ಬೆಳಗಿನ ಬಸ್ಸು ಹಿಡಿದು ಹೊನ್ನಾಳಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು. ಕೊಳಗಳ ಕಾವಲಿಗೆ ಒಬ್ಬ ಅಜ್ಜಿ ಇದ್ದಳು. ಬೆಳ್ಳಕ್ಕಿಗಳನ್ನೂ ಮಿಂಚುಳ್ಳಿಗಳನ್ನೂ ಓಡಿಸುವುದು, ಅಕ್ಕಿ ತವುಡಿಗೆ ಕಡಲೆ ಹಿಂಡಿ ಕಲಸಿ ಮರಿಗಳಿಗೆ ಹಾಕುವುದು, ಕೊಳದ ಬದು ಒಡೆಯದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮರಿಗಳನ್ನು ಅವಳು ಮರಿ ಅಂದದ್ದನ್ನು ನಾನು ಕೇಳಿಯೇ ಇಲ್ಲ. "ನಮ್ ಹುಡ್ರು" ಅನ್ನುತ್ತಿದ್ದಳು. "ನಮ್ ಹುಡ್ರು ಇವತ್ತು ಯಾಕೋ ಮಂಕಾಗ್ಯಾವೆ, ನೋಡು ಬಾರವ್ವ" ಎಂದು ಬೆಳಿಗ್ಗೆ ನಾನು ಬಸ್ಸಿಳಿಯುವ ಮೊದಲೇ ದಾರಿಗೆ ಬಂದು ನಿಂತಿದ್ದು ವರದಿ ಒಪ್ಪಿಸುತ್ತಿದ್ದಳು.

ಆ ವರ್ಷ ಜಗಳೂರಿನ ಕಡೆ ಒಳ್ಳೆಯ ಮಳೆಯಾಗಿ ಸೊಕ್ಕೆಯ ಕೆರೆ ತುಂಬಿತ್ತು. ಅಲ್ಲಿನ ಹತ್ತಾರು ಮನೆಯವರು ಸಂಘ ಮಾಡಿಕೊಂಡು, ಮೊದಲ ಸಲ ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದಿದ್ದರು. ಬಯಲುಸೀಮೆಯ ಕೆರೆ. ಯುಗಾದಿ ಹೊತ್ತಿಗೆ ನೀರು ತಳ ಕಾಣುತ್ತದೆ. ಶ್ರಾವಣ, ಭಾದ್ರಪದದೊಳಗೆ ಮರಿ ಬಿಟ್ಟರೆ ಮಾತ್ರ ಅಷ್ಟರಲ್ಲಿ ಅವು ತಿನ್ನುವಷ್ಟು ದಪ್ಪವಾಗುತ್ತವೆ. ಅದಕ್ಕೇ ಶ್ರಾವಣದಲ್ಲಿ ನಮ್ಮ ಕೊಳದಿಂದ ಬೆರಳುದ್ದದ ಗೆಂಡೆ ಮೀನಿನ ಮರಿಗಳನ್ನು ಲಾರಿಯಲ್ಲಿ ಕಳಿಸಿದೆವು. ಸೊಕ್ಕೆ ಮುಟ್ಟುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಮರಿ ಕಳಿಸುವುದಕ್ಕೆ ಒಂದು ಕ್ರಮ ಇದೆ. ಹಿಂದಿನ ದಿನವೇ ಮರಿಗಳನ್ನು ಹಿಡಿದು, ಕೊಳದೊಳಗೇ ನಾಲ್ಕು ಗೂಟಕ್ಕೆ ಕಟ್ಟಿದ ಬಟ್ಟೆಯ ತೊಟ್ಟಿಲಲ್ಲಿ ಉಪವಾಸ ಕೂರಿಸಬೇಕು. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಹೊಲಸಾಗುವುದಿಲ್ಲ, ಉಸಿರಾಟವೂ ಕಡಿಮೆ. ಬೆಳಿಗ್ಗೆ ಪಾಲಿಥಿನ್ ಚೀಲಕ್ಕೆ ಕಾಲು ಭಾಗ ಕೊಳದ ನೀರು ತುಂಬಿ, ಮರಿ ಬಿಟ್ಟು, ಉಳಿದ ಜಾಗಕ್ಕೆ ಸಿಲಿಂಡರ್‌ನಿಂದ ಆಕ್ಸಿಜನ್ ಹಿಡಿಸಿ, ಬಾಯಿ ತಿರುಚಿ ಸುತಳಿಯಲ್ಲಿ ಬಿಗಿಯಬೇಕು. ಚೀಲವನ್ನು ಸೀಮೆಎಣ್ಣೆ ಡಬ್ಬದಲ್ಲಿ ಕೂರಿಸಿ, ಮೇಲೆ ಒದ್ದೆ ಗೋಣಿತಟ್ಟು ಹೊದಿಸಬೇಕು. ಕೆರೆ ಮುಟ್ಟುವವರೆಗೆ ಯಾವ ಕಾರಣಕ್ಕೂ ಬಾಯಿ ಬಿಚ್ಚಬಾರದು. ಚೀಲದ ಪದ್ಧತಿ ನಮ್ಮ ಕಡೆಗೆ ಹೊಸದು, ಅದರ ಬಗ್ಗೆ ಎಲ್ಲರಿಗೂ ಭಯಭಕ್ತಿ.

ಸೊಕ್ಕೆಯಲ್ಲಿ ಮರಿ ಇಳಿಸಿಕೊಂಡವನು ಜಗಳೂರಿನಲ್ಲಿದ್ದ ನನ್ನ ಸಹೋದ್ಯೋಗಿ. ಅವನು ಚೀಲ ಬಿಚ್ಚಿದ ಕೂಡಲೇ ನೀರಿಗೆ ಬಣ್ಣದ ದ್ರಾವಣದ ಹನಿ ಹಾಕಿ ನೋಡಿದ್ದ. ಬ್ರೋಮೋಥೈಮಾಲ್ ಬ್ಲೂ ಅಂತ ಅದರ ಹೆಸರು. ಒಳ್ಳೆಯ ಕೊಳದ ನೀರಿಗೆ ಹಾಕಿದರೆ ನೀಲಿ, ಹುಳಿ ನೀರಿಗೆ ಹಾಕಿದರೆ ಹಳದಿ, ನಡುವೆ ಇದ್ದರೆ ಹಸಿರು. ಅವನಿಗೆ ಕಂಡದ್ದು ಅಪ್ಪಟ ಹಳದಿ. ಸಾಲದ್ದಕ್ಕೆ ಚೀಲದ ತಳದಲ್ಲಿ ಅನ್ನದ ಅಗುಳು! ಎರಡನ್ನೂ ಬರೆದು, ಒಂದು ಬಾಟಲಿಗೆ ಅರ್ಧದಷ್ಟು ಆ ನೀರನ್ನೂ ತುಂಬಿ, ಬಾಯಿಗೆ ಕಾಗದದ ಬಿರಡೆ ತುರುಕಿ ಲಾರಿ ಡ್ರೈವರ್ ಕೈಲಿ ಕೊಟ್ಟು ಕಳಿಸಿದ್ದ.

ಅನ್ನದ ಅಗುಳು ಎಲ್ಲಿಂದ ಬಂತೆಂದು ಹುಡುಕಬೇಕಾಗಲಿಲ್ಲ. ಅಜ್ಜಿಯನ್ನು ಕೇಳಿದ್ದೇ ತಡ, ಸಂಕೋಚವಿಲ್ಲದೆ ಹೇಳಿದಳು.

"ಊರು ಬಿಟ್ಟು ಹೋಗೋ ಹುಡ್ರನ್ನ ಬರೀ ಹೊಟ್ಟೀಲಿ ಹೆಂಗವ್ವ ಕಳ್ಸಾದು? ದೂರದ ದಾರಿ. ಚೀಲಕ್ಕೆ ಒಂದೊಂದು ತುತ್ತು ಮೊಸರನ್ನ ಹಾಕಿದ್ದೆ. ಹೊರಡಾಕೆ ಮುಂಚೆ ಮೊಸರು ಉಂಡ್ರೆ ಒಳ್ಳೇದಲ್ಲೇನು?"

ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಮಗನನ್ನು ಪರೀಕ್ಷೆಗೆ ಕಳಿಸುವಾಗ ನಮ್ಮಲ್ಲಿ ಯಾರು ಮೊಸರು ಉಣಿಸದೆ ಕಳಿಸುತ್ತಾರೆ? ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಚನ್ನಗಿರಿಯ ಕಚೇರಿಯಲ್ಲಿದ್ದ ನಮ್ಮ ಸಾಹೇಬರ ಲೆಕ್ಕವೂ ಅಷ್ಟೇ ಸಲೀಸಾಗಿತ್ತು. ಮೊಸರು ಹುಳಿ, ನೀರು ಹುಳಿ, ಮರಿ ಸತ್ತವು.

"ನೀರು ಹುಳಿಯಾಗೋದಕ್ಕೆ ಇನ್ನೇನು ಬೇಕು? ಅವಳನ್ನ ಬಿಡಿಸಿ, ಬೇರೆ ಯಾರನ್ನಾದರೂ ನೋಡಿ" ಎಂದು, ವರದಿ ಹಿಡಿದು ಹೋಗಿದ್ದ ನನಗೆ ಹೇಳಿದರು.

ಅಜ್ಜಿಗೆ ಆ ಕೊಳದ ದಂಡೆಯ ಗುಡಿಸಲು ಬಿಟ್ಟರೆ ಬೇರೆ ನೆಲೆ ಇರಲಿಲ್ಲ. ನನಗೆ ತಡೆಯಲಿಲ್ಲ. ಬಾಟಲಿಯನ್ನೂ ಬಣ್ಣದ ದ್ರಾವಣದ ಶೀಶೆಯನ್ನೂ ನನ್ನ ಕೈಚೀಲದಿಂದ ತೆಗೆದು, "ಒಂದು ಸಲ ನೀವೇ ನೋಡಿ ಸಾರ್" ಎಂದು ಅವರ ಮೇಜಿನ ಮೇಲೆಯೇ ಹನಿ ಹಾಕಿದೆ. ಹಳದಿ ಬರಲಿಲ್ಲ. ಚಂದದ ನೀಲಿ ಬಂತು.

ನಾನು ಗೆದ್ದೆ ಅಂದುಕೊಂಡೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೀರು ಬದಲಾಯಿಸಿ ತಂದಿರೇನು?"

"ನಾನ್ಯಾಕೆ ಬದಲಾಯಿಸಲಿ ಸಾರ್?"

"ಅಜ್ಜಿ ನಿಮಗೆ ದಿನಾ ರೊಟ್ಟಿ ಕೊಡ್ತಾಳಂತೆ."

ರೊಟ್ಟಿ ಕೊಡುತ್ತಿದ್ದಳು, ನಿಜ. ಪುಂಡಿಪಲ್ಯವನ್ನೂ ಕೊಡುತ್ತಿದ್ದಳು. ಆದರೆ ರೊಟ್ಟಿಗೆ ನೀರು ಬದಲಾಯಿಸುವವಳು ಅನ್ನಿಸಿಕೊಂಡದ್ದಕ್ಕೆ ನನ್ನ ಕಿವಿ ಬಿಸಿಯಾಯಿತು. ಬಾಟಲಿ ಎತ್ತಿಕೊಂಡು, ಕಾಲು ಅಪ್ಪಳಿಸಿಕೊಂಡೇ ಹೊರಬಂದೆ. ಹೊನ್ನಾಳಿವರೆಗೆ ಬಸ್ಸಿನಲ್ಲಿ ಒಂದೇ ಯೋಚನೆ. ಸಹೋದ್ಯೋಗಿ ಸುಳ್ಳು ಬರೆಯುವವನಲ್ಲ. ನಾನೂ ನೀರು ಬದಲಾಯಿಸಿಲ್ಲ. ಹಾಗಾದರೆ ಆ ಹುಳಿ ಎಲ್ಲಿ ಹೋಯಿತು?

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನ್ಯಾಮತಿ ಬಸ್ಸು ತಡವಾಗಿತ್ತು. ಸಿಟ್ಟಿಗೆ ಗಂಟಲು ಒಣಗಿ ಒಂದು ಗೋಲಿ ಸೋಡಾ ಕೇಳಿದೆ. ಅಂಗಡಿಯವನು ಗೋಲಿ ಒತ್ತಿ ಚೊಯ್ ಅನಿಸಿ ಲೋಟಕ್ಕೆ ಸುರಿದ. ಅರ್ಧ ಕುಡಿದು, ಯೋಚನೆಯಲ್ಲಿ ಮುಳುಗಿ ಹಾಗೇ ಇಟ್ಟೆ. ಮತ್ತೆ ಬಾಯಿಗೆ ಇಟ್ಟಾಗ ಸಪ್ಪೆ ನೀರು. ಆ ಚುರುಕೂ ಇಲ್ಲ, ಆ ಹುಳಿಯೂ ಇಲ್ಲ.

ಅಯ್ಯೋ ನನ್ನ ಬುದ್ಧಿಯೇ! ಬಿಎಸ್ಸಿಯಲ್ಲಿ ಉರು ಹೊಡೆದದ್ದು ಆಗ ತಲೆಗೆ ಇಳಿಯಿತು. ಸೋಡಾದ ಹುಳಿ ಎಂದರೆ ನೀರಿಗೆ ಒತ್ತಿ ಕರಗಿಸಿದ ಇಂಗಾಲದ ಡೈ ಆಕ್ಸೈಡ್. ಅದು ನೀರಿನಲ್ಲಿ ಇದ್ದಷ್ಟು ಹೊತ್ತು ಇಂಗಾಲಾಮ್ಲ, ನೀರು ಹುಳಿ. ಬಾಯಿ ತೆರೆದರೆ ಅನಿಲ ಗಾಳಿಗೆ ಹೊರಡುತ್ತದೆ, ಅದರ ಬೆನ್ನಿಗೇ ಹುಳಿಯೂ ಹೊರಡುತ್ತದೆ. ಮೀನು ಉಸಿರು ಬಿಟ್ಟರೂ ಬರುವುದು ಅದೇ ಅನಿಲ. ಕೆರೆಯಲ್ಲಾದರೆ ಹೆಚ್ಚಾದದ್ದು ಮೇಲಿನ ಗಾಳಿಗೆ ಸೇರಿ, ನೀರಿಗೂ ಗಾಳಿಗೂ ಒಂದು ಸರಿತೂಕ ಆಗುತ್ತದೆ. ಬಾಯಿ ಬಿಗಿದ ಚೀಲದಲ್ಲಿ ಎಲ್ಲಿಗೆ ಹೋಗಬೇಕು? ಮೇಲಿನ ಆಕ್ಸಿಜನ್ ಜಾಗಕ್ಕೆ ಒಂದಿಷ್ಟು ಏರುತ್ತದೆ, ಅಲ್ಲಿಯೂ ತುಂಬಿದ ಮೇಲೆ ನೀರಿನಲ್ಲೇ ಉಳಿಯುತ್ತದೆ. ನೀರಿನಲ್ಲಿ ಅದು ವಿಪರೀತವಾದರೆ ಆಕ್ಸಿಜನ್ ಎಷ್ಟಿದ್ದರೂ ಮೀನಿನ ರಕ್ತಕ್ಕೆ ಹಿಡಿಯುವುದಿಲ್ಲ. ಇನ್ನು ಆ ಅರ್ಧ ಬಾಟಲಿ, ಕಾಗದದ ಬಿರಡೆ ಹಾಕಿಕೊಂಡು, ಲಾರಿಯಲ್ಲಿ, ಬಸ್ಸಿನಲ್ಲಿ ಕುಲುಕಾಡುತ್ತ ಚನ್ನಗಿರಿಗೆ ಬರುವಷ್ಟರಲ್ಲಿ ಹುಳಿಯನ್ನೆಲ್ಲ ದಾರಿಯಲ್ಲೇ ಚೆಲ್ಲಿಕೊಂಡು ಬಂದಿತ್ತು.

ಅಂಗಡಿಯವನಿಂದ ಇನ್ನೊಂದು ಸೋಡಾ, ಒಂದು ಲೋಟ ಮಜ್ಜಿಗೆ, ನಾಲ್ಕು ಖಾಲಿ ಲೋಟ ಕೇಳಿದೆ. ಸೋಡಾಕ್ಕೆ ಹನಿ ಹಾಕಿದೆ, ಹಳದಿ. ನೀರಿಗೆ ಚೂರು ಮಜ್ಜಿಗೆಯ ತಿಳಿ ಬೆರೆಸಿ ಹನಿ ಹಾಕಿದೆ, ಅದೂ ಹಳದಿ. ಆಮೇಲೆ ಎರಡನ್ನೂ ಒಂದು ಲೋಟದಿಂದ ಇನ್ನೊಂದಕ್ಕೆ ಮೇಲಿಂದ ಸುರಿಯುತ್ತಾ ಹೋದೆ. ಸೋಡಾ ಹಸಿರಾಗಿ, ನಿಧಾನಕ್ಕೆ ನೀಲಿಗೆ ತಿರುಗಿತು. ಮಜ್ಜಿಗೆ ನೀರು ಎಷ್ಟು ಸುರಿದರೂ ಹಳದಿಯೇ. ಮೊಸರಿನ ಹುಳಿ ಗಾಳಿಗೆ ಹಾರುವ ಜಾತಿಯದ್ದಲ್ಲ.

"ಯಾಕ್ರೀ ಅಕ್ಕಾರೆ, ನನ್ ಸೋಡಾದಾಗೆ ವಿಷ ಗಿಷ ಐತೇನು?" ಅಂಗಡಿಯವನು ಗಾಬರಿಯಾಗಿದ್ದ. ಸುತ್ತ ಜನ ಸೇರಿದ್ದರು.

"ಇಲ್ಲಪ್ಪ. ನಿನ್ನ ಸೋಡಾ ಒಂದು ಮುದುಕಿ ಜೀವ ಉಳಿಸೈತೆ" ಎಂದೆ.

"ಹಂಗಾದ್ರೆ ಇನ್ನೊಂದು ಕುಡೀರಿ" ಎಂದ.

ಮಾರನೆಯ ದಿನ ಸಾಹೇಬರ ಮುಂದೆ ಇದನ್ನೆಲ್ಲ ಒದರಿದೆ. "ಡ್ರಮ್ಮಿನಲ್ಲಿ, ಬಾಯಿ ತೆರೆದು ಕಳಿಸೋಣ ಸಾರ್" ಎಂದೆ. ಅವರು ಕೆಟ್ಟವರೇನಲ್ಲ, ಆದರೆ ಮೇಲಿನಿಂದ ಬಂದ ಕ್ರಮವನ್ನು ಬಸ್ ನಿಲ್ದಾಣದ ಸೋಡಾ ನಂಬಿಕೊಂಡು ಬದಲಿಸುವವರೂ ಅಲ್ಲ. ಕೊನೆಗೆ ಒಂದು ತೀರ್ಮಾನ ಹೇಳಿದರು. ಭಾದ್ರಪದದಲ್ಲಿ ಇನ್ನೊಂದು ಲಾರಿ ಮರಿ ಹೋಗಲಿ. ಅದೇ ಚೀಲ, ಅದೇ ದಾರಿ, ಆದರೆ ಮೊಸರನ್ನ ಇಲ್ಲ. ನೀವೇ ಜೊತೆಗೆ ಹೋಗಿ.

"ಮರಿ ಉಳಿದರೆ ತಪ್ಪು ಅಜ್ಜಿದು ಅಂತಾಯ್ತು. ಅವಳು ಹೊರಗೆ."

"ಸತ್ತರೆ ಸಾರ್?"

"ಸತ್ತರೆ ಸೊಕ್ಕೆಗೆ ಈ ವರ್ಷ ಮರಿ ಇಲ್ಲ. ಅಷ್ಟೇ."

ಎಂಥ ತೀರ್ಮಾನ! ಮರಿ ಉಳಿದರೆ ಅಜ್ಜಿ ಹೋದಳು, ಅಜ್ಜಿ ಉಳಿಯಬೇಕಾದರೆ ಮರಿ ಸಾಯಬೇಕು. ನನಗೆ ಎರಡೂ ಬೇಕಿತ್ತು.

ಹೊರಡುವ ದಿನ ನಸುಕಿನಲ್ಲೇ ಚೀಲ ತುಂಬಿದೆವು. ಅಜ್ಜಿ ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದಳು, ತಾನು ಏನೂ ಹಾಕುತ್ತಿಲ್ಲ ಎಂದು ಎಲ್ಲರಿಗೂ ಕಾಣಲಿ ಅಂತ. ಲಾರಿ ಶುರುವಾದಾಗ ಓಡಿಬಂದು ನನ್ನ ಮಡಿಲಿಗೆ ಒಂದು ಬಟ್ಟೆಯ ಗಂಟು ಹಾಕಿದಳು. ಬುತ್ತಿ. ಬಿಚ್ಚದೆಯೇ ವಾಸನೆಯಿಂದ ಗೊತ್ತಾಯಿತು, ಮೊಸರನ್ನ.

"ಅವುಕ್ಕೆ ಬ್ಯಾಡ ಅಂದ್ರಲ್ಲ, ನೀನಾರ ಉಣ್ಣು ತಾಯಿ" ಎಂದಳು. ಆಮೇಲೆ ಡಬ್ಬಗಳ ಕಡೆ ನೋಡಿ, "ಹುಷಾರಾಗಿ ಹೋಗ್ರಪ್ಪ" ಎಂದಳು.

ದಾವಣಗೆರೆ ದಾಟುವವರೆಗೆ ಎಲ್ಲ ಸುಸೂತ್ರ. ಅಲ್ಲಿಂದ ಮುಂದೆ ಟಯರ್ ಪಂಕ್ಚರ್ ಆಯಿತು. ಬೇರೆ ಚಕ್ರ ಹಾಕಿ ಹೊರಟರೆ, ಅದೂ ಗಾಳಿ ಬಿಟ್ಟಿತು. ಡ್ರೈವರ್ ಅದರ ಹಿರೀಕರನ್ನೆಲ್ಲ ನೆನೆಸಿಕೊಂಡ. ಜಗಳೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೊಕ್ಕೆಗೆ ಇನ್ನೂ ದಾರಿ ಇತ್ತು, ಅದೂ ಹೊಂಡದ ದಾರಿ. ನನ್ನ ಸಹೋದ್ಯೋಗಿ ಬಸ್ ನಿಲ್ದಾಣದ ಬಳಿ ಕಾಯುತ್ತಿದ್ದ. ಗೋಣಿತಟ್ಟು ಸರಿಸಿ ನೋಡಿದೆವು. ಮರಿಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಕೆಲವು ಓರೆಯಾಗಿ ತೇಲುತ್ತಿದ್ದವು.

"ಬಿಚ್ಚತೀನಿ" ಎಂದೆ.

"ಬ್ಯಾಡ್ರೀ, ಬ್ಯಾಡ್ರೀ! ಇರೋ ಆಕ್ಸಿಜನ್ನೂ ಹೋಗ್ತೈತೆ. ಆಮೇಲೆ ನಮ್ಮಿಬ್ರನ್ನೂ ಮನೀಗೆ ಕಳಿಸ್ತಾರೆ" ಎಂದ ಸಹೋದ್ಯೋಗಿ.

ಒಂದೇ ಒಂದು ಚೀಲ ಬಿಚ್ಚಿ, ಲೋಟದಲ್ಲಿ ನೀರು ತೆಗೆದು ಅವನ ಕಣ್ಣೆದುರೇ ಹನಿ ಹಾಕಿದೆ. ಹಳದಿ!

"ಅವತ್ತಿಂದೇ ಬಣ್ಣ!" ಎಂದ.

"ತಳ ನೋಡಪ್ಪ. ಒಂದು ಅಗುಳು ಅನ್ನ ಐತಾ?"

ಇರಲಿಲ್ಲ. ಆ ಹಳದಿ ನೋಡಿ ನನಗೆ ಕುಣಿಯಬೇಕು ಅನ್ನಿಸಿತು, ಅಳಬೇಕು ಅಂತಲೂ ಅನ್ನಿಸಿತು. ಅಜ್ಜಿ ಗೆದ್ದಿದ್ದಳು, ಅವಳ ಹುಡ್ರು ಸಾಯುತ್ತಿದ್ದವು. ಲೋಟದ ನೀರನ್ನು ಇನ್ನೊಂದು ಲೋಟಕ್ಕೆ ಎತ್ತರದಿಂದ ನಾಲ್ಕಾರು ಸಲ ಸುರಿದೆ. ಹಸಿರಿಗೆ ತಿರುಗಿತು. ಇನ್ನು ಯೋಚಿಸಲು ಏನೂ ಉಳಿದಿರಲಿಲ್ಲ.

"ಎಲ್ಲಾ ಚೀಲ ಬಿಚ್ರಿ. ಏನಾದ್ರೂ ಆದ್ರೆ ನನ್ನ ಹೆಸರು ಬರೀರಿ" ಎಂದೆ.

ನೀರು ಸುರಿಯಲು ಅಗಲ ಬಾಯಿಯ ಪಾತ್ರೆ ಬೇಕಲ್ಲ. ಎದುರಿಗೇ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ. ಅಂಗಡಿಯ ಸಾಬರು ಜಗುಲಿಯ ಮೇಲೆ ಕೂತು ನಮ್ಮ ಗಲಾಟೆಯನ್ನೇ ನೋಡುತ್ತಿದ್ದರು. ಓಡಿಹೋಗಿ ವಿಷಯ ಹೇಳಿದೆ.

"ಬಿರಿಯಾನಿ ಡೇಗು ಕೊಡಲೇನ್ರೀ? ದೊಡ್ಡವು ಅದಾವೆ."

"ತಾಮ್ರದ್ದಾದ್ರೆ ಬ್ಯಾಡ ಸಾಬ್ರೆ. ತಾಮ್ರ ಮೀನಿಗೆ ವಿಷ."

"ಏನ್ ಮಾತಾಡ್ತೀರಮ್ಮ! ಮೊನ್ನೆ ತಾನೇ ಕಲಾಯಿ ಹಾಕ್ಸೀನಿ. ಒಳಗೆ ಇಣುಕಿ ನೋಡ್ರಿ, ನಿಮ್ಮ ಮುಖ ಕಾಣ್ತೈತೆ."

ಇಣುಕಿದೆ. ಬೆವರಿಳಿಯುವ ನನ್ನ ಮುಖ ಬೆಳ್ಳಗೆ ಕಂಡಿತು. ತಾಮ್ರದ ಕೆಂಪು ಎಲ್ಲೂ ಇರಲಿಲ್ಲ. ಡೇಗುಗಳನ್ನು ಉರುಳಿಸಿಕೊಂಡು ಬಂದರು. ಚೀಲಗಳ ಮರಿಗಳನ್ನು ನೀರು ಸಮೇತ ಅವುಗಳಿಗೆ ಇಳಿಸಿದೆವು. ಚೊಂಬಿನಲ್ಲಿ ನೀರು ಎತ್ತಿ ಮೇಲಿಂದ ಸುರಿಯಲು ಶುರುಮಾಡಿದೆ. ಸಾಬರು ಒಂದು ಗಳಿಗೆ ನೋಡಿ ಒಳಗೆ ಹೋಗಿ, ಬೂಂದಿ ಕರಿಯುವ ದೊಡ್ಡ ತೂತಿನ ಸೌಟುಗಳನ್ನು ತಂದರು. ಒಬ್ಬರು ಸೌಟು ಹಿಡಿಯುವುದು, ಇನ್ನೊಬ್ಬರು ಅದರ ಮೇಲೆ ಚೊಂಬು ಸುರಿಯುವುದು. ನೀರು ಹನಿಹನಿಯಾಗಿ ಬಿದ್ದಷ್ಟೂ ಗಾಳಿಗೆ ಮೈ ತೆರೆಯುತ್ತದೆ, ಒಳಗಿನ ಅನಿಲ ಹೊರಗೆ ಹೋಗುತ್ತದೆ, ಹೊರಗಿನ ಆಕ್ಸಿಜನ್ ಒಳಗೆ ಬರುತ್ತದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸೌಟಿಗೆ ಕೈ ಹಾಕಿದರು. ಒಬ್ಬ ಗೌಡರಂತೂ ತಮ್ಮ ಬಸ್ಸು ಬಂದು ಹೋದರೂ ಸೌಟು ಬಿಡಲಿಲ್ಲ.

"ಡೇಗಿಗೆ ಹೋದ ಮೀನು ಜೀವಂತ ಎದ್ದು ಬರಾದು ಇದೇ ಮೊದ್ಲು ನೋಡ್ರಿ" ಎಂದರು ಸಾಬರು. ನಗುವಿನ ನಡುವೆಯೂ ನಾನು ಆಗಾಗ ಲೋಟಕ್ಕೆ ಡೇಗಿನ ನೀರು ತೆಗೆದು, ಹನಿ ಹಾಕಿ ಬಣ್ಣವನ್ನೇ ನೋಡುತ್ತಿದ್ದೆ. ಹಳದಿ ಹೋಗಿ ತಿಳಿಹಸಿರು, ತಿಳಿಹಸಿರು ಹೋಗಿ ನೀಲಿ ಬೆರೆತ ಹಸಿರು. ಓರೆಯಾಗಿದ್ದ ಮರಿಗಳು ಒಂದೊಂದಾಗಿ ನೆಟ್ಟಗಾದವು. ಆಮೇಲೆ ತಳಕ್ಕಿಳಿದು ಗುಂಪು ಕಟ್ಟಿಕೊಂಡು ಡೇಗಿನ ಸುತ್ತ ತಿರುಗಲು ಶುರುಮಾಡಿದವು. ನನ್ನ ಸಹೋದ್ಯೋಗಿ ಸೌಟು ಎತ್ತಿ ಹಿಡಿದು ಕೂಗಿಯೇ ಬಿಟ್ಟ.

ಡೇಗುಗಳನ್ನೇ ಲಾರಿಗೆ ಏರಿಸಿದೆವು. ಸಾಬರೂ ಹತ್ತಿದರು. "ನನ್ ಡೇಗು ಬಿಟ್ಟು ನಾನು ಇರಾಕೆ ಆಗಲ್ಲ" ಎಂದು ನೆಪ. ನಿಜಕ್ಕೂ ಅವರಿಗೆ ಮರಿ ಏನಾಗುತ್ತವೋ ನೋಡಬೇಕಿತ್ತು. ಸೊಕ್ಕೆಯವರೆಗೆ ಹೊಂಡ ಬಂದಾಗಲೆಲ್ಲ ನಾವೂ ಹಾರಿದೆವು, ನೀರೂ ಹಾರಿತು. ಅದರಿಂದ ಅನುಕೂಲವೇ ಆಯಿತು, ಸುರಿಯುವ ಅರ್ಧ ಕೆಲಸ ಹೊಂಡಗಳೇ ಮಾಡಿದವು.

ಕೆರೆಯ ಏರಿಯ ಮೇಲೆ ಸಂಘದವರು ಕಾಯುತ್ತಿದ್ದರು. ಹಿಂದಿನ ಸಲದ ನೆನಪಿಗೆ ಯಾರ ಮುಖದಲ್ಲೂ ನಗು ಇರಲಿಲ್ಲ. ಡೇಗಿನೊಳಗೆ ಇಣುಕಿದ ಒಬ್ಬ ಹೆಂಗಸು "ಅಯ್ಯಯ್ಯೋ, ಆಡ್ತಾವೆ ಕಣ್ರೇ!" ಎಂದು ಕಿರುಚಿದ್ದೇ ಎಲ್ಲರೂ ಲಾರಿಗೆ ಮುತ್ತಿದರು. ನಾನು ಕೂಡಲೇ ಬಿಡಲು ಒಪ್ಪಲಿಲ್ಲ. ಕೆರೆಯ ನೀರನ್ನು ಸ್ವಲ್ಪಸ್ವಲ್ಪವೇ ಡೇಗಿಗೆ ಬೆರೆಸಿ, ಬಿಸಿಯೂ ಹುಳಿಯೂ ಸಮವಾದ ಮೇಲೆ ಅಂಚನ್ನು ನೀರಿಗೆ ಬಾಗಿಸಿದೆವು. ಮರಿಗಳು ತಾವಾಗಿಯೇ ಈಜಿಕೊಂಡು ಹೋದವು. ಸತ್ತವು ಒಂದು ಹಿಡಿಗೂ ಕಡಿಮೆ. ನನ್ನ ಕಣ್ಣು ತುಂಬಿತು.

ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಡ್ರೈವರ್, ಸಹೋದ್ಯೋಗಿ, ಸಾಬರು, ಸಂಘದವರು, ಎಲ್ಲರಿಗೂ ಒಂದೊಂದು ತುತ್ತು ಬಂತು. ಕೊನೆಯ ತುತ್ತನ್ನು ಬಾಯಿಗೆ ಇಡಹೋದವಳು ಎದ್ದು, ನೀರಂಚಿಗೆ ಇಳಿದು, ಚೂರು ಚೂರು ಮಾಡಿ ಕೆರೆಗೆ ಹಾಕಿದೆ. ನೀರು ಪಿಟಪಿಟ ಅಂದಿತು.

ಸಾಹೇಬರು ಜಗಳೂರಿನಿಂದ ಬಂದ ವರದಿಯನ್ನು ಎರಡು ಸಲ ಓದಿದರು. ಅನ್ನವಿಲ್ಲದೆಯೂ ಹಳದಿ, ಸುರಿದ ಮೇಲೆ ನೀಲಿ ಬೆರೆತ ಹಸಿರು. ಮೂರನೆಯ ಸಲ ಓದಲಿಲ್ಲ, ಒಂದು ಗೋಲಿ ಸೋಡಾ ತರಿಸಿ ತಾವೇ ಹನಿ ಹಾಕಿ ಲೋಟದಿಂದ ಲೋಟಕ್ಕೆ ಸುರಿದು ನೋಡಿದರು. ಅಂಗಿಯ ತುಂಬ ಬಣ್ಣ ಮಾಡಿಕೊಂಡು ನಕ್ಕುಬಿಟ್ಟರು. "ದೂರದ ಊರಿಗೆ ಡ್ರಮ್ಮಿನಲ್ಲೇ ಕಳಿಸಿ. ಅಜ್ಜಿ ಇರಲಿ. ಆದರೆ ಹೊರಡೋ ಮುಂಚೆ ಅನ್ನ ಬೇಡ ಅಂತ ಹೇಳಿ" ಎಂದರು. ಅದು ನ್ಯಾಯದ ಮಾತೇ. ತುಂಬಿದ ಹೊಟ್ಟೆಯ ಮರಿ ಹೆಚ್ಚು ಉಸಿರು ಬಿಡುತ್ತದೆ, ಬಾಯಿ ಕಟ್ಟಿದ ಚೀಲದಲ್ಲಿ ಅದೂ ಒಂದು ಭಾರವೇ.

ನಾನು ಕೊಳಕ್ಕೆ ಹೋದಾಗ ಅಜ್ಜಿ ದಾರಿಯಲ್ಲೇ ನಿಂತಿದ್ದಳು. ಕೆಲಸದ ಮಾತು ಕೇಳುತ್ತಾಳೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಹೋಗಿ ಮುಟ್ಟಿದ್ ಮ್ಯಾಲೆ ಏನಾರ ಉಂಡ್ವೇನವ್ವ ಹುಡ್ರು?"

"ಉಂಡ್ವು ಅಜ್ಜಿ. ನಿನ್ ಮೊಸರನ್ನನೇ ಹಾಕಿದೆ. ಮುಗಿಬಿದ್ದು ಉಂಡ್ವು."

ಅವಳ ಮುಖ ಅರಳಿತು. ಆಮೇಲೆ ಏನೋ ನೆನಪಾಗಿ ಹುಬ್ಬು ಗಂಟಿಕ್ಕಿದಳು.

"ಅಷ್ಟು ಹೊತ್ತಿಗೆ ಹುಳಿ ಬಂದಿತ್ತೇನು?"

"ಒಂಚೂರು ಬಂದಿತ್ತು."

"ಮುಂದಿನ ಸಲ ಹಾಲು ಜಾಸ್ತಿ ಹಾಕಿ ಕಲಸ್ತೀನಿ ಬಿಡು" ಎಂದಳು.